ಏಳು ಜನ ಸಿಕ್ಕಿದ್ರೆ ಸಾಕು

ಶನಿವಾರ ರಾತ್ರಿ ಹತ್ತು ಗಂಟೆಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ 15 ಹೆಬ್ಬೆರಳು ಎದ್ದು ನಿಂತಿರುತ್ತವೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿ ಎಂಟು ಜನ ನಿಂತಿರುತ್ತೇವೆ. ಮಿಕ್ಕ ಏಳು ಹೆಬ್ಬೆರಳು ಕಂಬಳಿಯೊಳಗೆ.

ಫುಟ್‌ಬಾಲ್ ಹನ್ನೊಂದು ಜನರ ಆಟ ಅಂತ ಎಲ್ಲರಿಗೂ ಗೊತ್ತು. ಅದು ಏಳು ಜನರ ಆಟವೂ ಹೌದು ಅಂತ ಗೊತ್ತಿರೋದು ನಮ್ಮಂಥವರಿಗೆ ಮಾತ್ರ. ಆಟದ 3ನೇ ನಿಯಮ ಹೀಗಿದೆ: ಯಾವುದೇ ತಂಡದಲ್ಲಿ 7 ಜನಕ್ಕಿಂತ ಕಡಿಮೆ ಇದ್ದರೆ ಪಂದ್ಯ ಶುರು ಮಾಡುವಂತಿಲ್ಲ, ಶುರುವಾಗಿದ್ದರೆ ಮುಂದುವರಿಸುವಂತಿಲ್ಲ. ಮೆಸ್ಸಿಗೆ ಈ ನಿಯಮ ಬೇಕಾಗಿರಲಿಕ್ಕಿಲ್ಲ. ನಮ್ಮ ಕ್ಯಾಪ್ಟನ್‌ಗೆ ಇದೊಂದೇ ಬಾಯಿಪಾಠ. ಆಫ್‌ಸೈಡ್ ಅಂದ್ರೆ ಏನು ಅಂತ ಅವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ತಂಡಕ್ಕೆ ಹೆಸರಿಡುವಾಗಲೇ ನಮ್ಮ ಗುಣ ಗೊತ್ತಾಗಿತ್ತು. ಲೀಗ್ ನಡೆಸುವವರು ಹೆಸರು ಕೇಳಿದರು. ಹುಲಿ ಇರಬೇಕು ಅಂತ ಕೆಲವರು, ಗರುಡ ಇರಬೇಕು ಅಂತ ಕೆಲವರು ಮೂರು ದಿನ ಕಿತ್ತಾಡಿದರು. ಬೇಸತ್ತ ಕ್ಯಾಪ್ಟನ್ ‘ಆಮೇಲೆ ತಿಳಿಸ್ತೀವಿ’ ಅಂತ ಮೆಸೇಜ್ ಹಾಕಿದರು. ವೇಳಾಪಟ್ಟಿ ಬಂದಾಗ ನಮ್ಮ ಹೆಸರಿನ ಜಾಗದಲ್ಲಿ ಅದೇ ಅಚ್ಚಾಗಿತ್ತು. ಈಗ ಬೇರೆ ತಂಡದವರು ಮಾತಾಡಿಕೊಳ್ಳುವುದೂ ಹಾಗೇ.

“ಈ ವಾರ ಯಾರ ಜೊತೆ ಮ್ಯಾಚು?”

“ಆಮೇಲೆ ತಿಳಿಸ್ತೀವಿ ಜೊತೆ.”

“ಓ, ಹಾಗಾದ್ರೆ ಆರಾಮು.”

ಮೊದಲ ಪಂದ್ಯವೇ ಗೌತಮಪುರದ ಕಡೆಯ ಹುಡುಗರ ಮೇಲೆ ಬಿತ್ತು. ಬೆಂಗಳೂರಿನಲ್ಲಿ ಆ ಬಡಾವಣೆಗೆ ಮಿನಿ ಬ್ರೆಜಿಲ್ ಅಂತಲೇ ಹೆಸರು. ಅಲ್ಲಿ ಪೆಲೆಯ ಪ್ರತಿಮೆ ಇದೆ. ನಮ್ಮ ಬೀದಿಯಲ್ಲಿ ಇರುವುದು ಒಂದು ಟ್ರಾನ್ಸ್‌ಫಾರ್ಮರ್. ಮಿಕ್ಕಿದ್ದು ನೀವೇ ಊಹಿಸಿಕೊಳ್ಳಿ. ಒಂಬತ್ತು ಗೋಲು ಹಾಕಿಸಿಕೊಂಡೆವು. ಕೊನೆಕೊನೆಗೆ ಆ ಹುಡುಗರು “ಅಂಕಲ್, ಹುಷಾರು” ಅಂತ ಹೇಳಿ ಹೇಳಿ ನನ್ನ ಪಕ್ಕದಿಂದ ಓಡುತ್ತಿದ್ದರು. ನನಗೆ 43. ಒಂಬತ್ತು ಗೋಲಿಗಿಂತ ಆ ಅಂಕಲ್ ಜಾಸ್ತಿ ನೋವು ಕೊಟ್ಟಿತು.

ನಮ್ಮ ಗೋಲ್‌ಕೀಪರ್ ಅವತ್ತು ಶೂ ಮರೆತು ಚಪ್ಪಲಿಯಲ್ಲಿ ಬಂದಿದ್ದ. ಕೇಳಿದರೆ ಚರಿತ್ರೆಯ ಪಾಠ ಶುರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಫ್ರಾನ್ಸ್ ಎದುರು ಬಹುತೇಕ ಬರಿಗಾಲಲ್ಲೇ ಆಡಿದ್ದರು, ಭಾರತದ ಒಂದೇ ಗೋಲು ಹೊಡೆದ ರಾಮನ್ ನಮ್ಮ ಬೆಂಗಳೂರಿನವರು, ಗೊತ್ತಾ ಅಂತ. ಎಲ್ಲಾ ನಿಜವೇ. ಆ ಪಂದ್ಯದಲ್ಲಿ ನಮ್ಮವರು ಎರಡು ಪೆನಾಲ್ಟಿ ಕಳೆದುಕೊಂಡು 1-2ರಲ್ಲಿ ಸೋತರು ಅನ್ನುವುದೂ ನಿಜ. “ಅವರು ಬರಿಗಾಲಲ್ಲಿ ಮಾಡಿದ ತಪ್ಪನ್ನ ನೀನು ಶೂ ಹಾಕ್ಕೊಂಡೂ ಮಾಡ್ತೀಯ. ಮೊದಲು ಹೋಗಿ ಶೂ ತಗೊಂಡು ಬಾ” ಅಂದರು ಕ್ಯಾಪ್ಟನ್. ಅವನು ಹೋಗಿ ಬರುವಷ್ಟರಲ್ಲಿ ಮೂರು ಗೋಲು ಆಗಿತ್ತು. ಅವನಿದ್ದಿದ್ದರೂ ಆಗುತ್ತಿತ್ತು, ಅದು ಬೇರೆ ಮಾತು.

ಮೈದಾನದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಭಾನುವಾರ ಅಲ್ಲಿ ನಾವೊಬ್ಬರೇ ಅಲ್ಲ, ನಾಲ್ಕು ಕ್ರಿಕೆಟ್ ಪಂದ್ಯಗಳೂ ನಡೆಯುತ್ತಿರುತ್ತವೆ. ಒಂದು ಪಂದ್ಯದ ಲಾಂಗ್ ಆನ್ ಫೀಲ್ಡರ್ ನಿಲ್ಲುವ ಜಾಗ ನಮ್ಮ ಪೆನಾಲ್ಟಿ ಬಾಕ್ಸ್. ಎರಡನೇ ವಾರ ಗೋಲಿನ ಕಡೆ ಹೋಗುತ್ತಿದ್ದ ಚೆಂಡು ಅವನ ಬೆನ್ನಿಗೆ ಬಡಿದು ಹೊರಗೆ ಹೋಯಿತು. ಈ ಸೀಸನ್ನಿನಲ್ಲಿ ನಮ್ಮ ಕಡೆಯಿಂದ ಆದ ಅತ್ಯುತ್ತಮ ಸೇವ್ ಅದು. ನಮ್ಮ ತಂಡಕ್ಕೆ ಬರ್ತೀಯಾ ಅಂತ ಕ್ಯಾಪ್ಟನ್ ಅವನನ್ನು ಕೇಳಿಯೂ ಕೇಳಿದರು. ಅವನು ಬೆನ್ನು ಉಜ್ಜಿಕೊಳ್ಳುತ್ತಾ ಬೈದ.

ಇನ್ನು ಬಾರದವರ ನೆಪಗಳು. “ಅತ್ತೆ ಬಂದಿದ್ದಾರೆ.” “ಗಾಡಿ ಪಂಕ್ಚರ್.” “ಕಾವೇರಿ ನೀರು ಬರೋ ದಿನ, ಸಂಪ್ ತುಂಬಿಸ್ಬೇಕು.” ಮೂರನೆಯದಕ್ಕೆ ಯಾರೂ ಎದುರು ಮಾತಾಡುವುದಿಲ್ಲ. ಆದರೆ ಒಂಬತ್ತು ಗಂಟೆಗೆ ನಾವು ಕೈಕಾಲು ಎಳೆದುಕೊಂಡು ದರ್ಶಿನಿಗೆ ಹೋದರೆ, ಸಂಪ್ ತುಂಬಿಸುತ್ತಿದ್ದವನು ಆಗಲೇ ಖಾರಾಬಾತ್ ಮುಗಿಸಿ ಬೈಟು ಕಾಫಿಗೆ ಜೊತೆ ಹುಡುಕುತ್ತಿರುತ್ತಾನೆ. ಹನ್ನೊಂದು ಜನ ಪೂರ್ತಿಯಾಗುವುದು ಅಲ್ಲೇ.

ನಾಲ್ಕನೇ ವಾರ ಆರೇ ಜನ ಬಂದಿದ್ದೆವು. ಏಳನೆಯವನು ಸಿಗದಿದ್ದರೆ ಆಟವೇ ಇಲ್ಲ. ಕ್ಯಾಪ್ಟನ್ ಕಣ್ಣು ಮೆಲ್ಲಗೆ ನನ್ನ ಭಾವಮೈದನ ಮೇಲೆ ಬಿತ್ತು.

ಅವನು ಮದ್ದೂರಿನ ಹತ್ತಿರದ ಹಳ್ಳಿಯಿಂದ ಹಿಂದಿನ ದಿನ ಬಂದಿದ್ದ. ಬೆಳಿಗ್ಗೆ ನಾಲ್ಕೂವರೆಗೇ ಎದ್ದು, ಕರೆಯೋಕೆ ಹಸು ಇಲ್ಲದೆ ಬೇಜಾರಾಗಿ, ಗಾಳಿಗೆ ಅಂತ ನನ್ನ ಜೊತೆ ಬಂದಿದ್ದ. ಫುಟ್‌ಬಾಲ್ ಯಾವತ್ತೂ ಆಡಿದವನಲ್ಲ. ಆಡುತ್ತಿದ್ದದ್ದು ಕಬಡ್ಡಿ. ಊರ ಹಬ್ಬದ ಪಂದ್ಯಗಳಲ್ಲಿ ಅವನ ಕೈಗೆ ಕಾಲು ಸಿಕ್ಕಿದರೆ ಮುಗೀತು ಅಂತ ಹೆಸರು.

“ನಾನೇನ್ ಮಾಡ್ಬೇಕು ಭಾವ?” ಅಂತ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಎದುರಾಳಿಗಳ ಕಡೆ ಬೆರಳು ತೋರಿಸಿದರು. “ಆ ಹತ್ತನೇ ನಂಬರ್ ಹುಡುಗ ಇದ್ದಾನಲ್ಲ, ಅವನನ್ನ ಹಿಡ್ಕೊಳ್ಳಿ. ಏನೇ ಆದ್ರೂ ಬಿಡಬೇಡಿ. ಅಷ್ಟು ಮಾಡಿದ್ರೆ ಸಾಕು.”

“ಅಷ್ಟೇನಾ?” ಅಂದ ಭಾವಮೈದ, ಅಂಗೈಗೆ ಮಣ್ಣು ಉಜ್ಜಿಕೊಳ್ಳುತ್ತಾ. ಆ ಮಣ್ಣು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಐದನೇ ನಿಮಿಷಕ್ಕೆ ಒಂದು ಗೋಲು ಬಿತ್ತು. ಒಂಬತ್ತನೇ ನಿಮಿಷದಲ್ಲಿ ಹತ್ತನೇ ನಂಬರ್ ನಮ್ಮನ್ನೆಲ್ಲ ದಾಟಿ ಒಬ್ಬನೇ ಗೋಲಿನ ಕಡೆ ಹೊರಟ. ಎಡಗಡೆಯಿಂದ ನಮ್ಮ ಭಾವಮೈದ ಬಂದ. ಚೆಂಡಿನ ಕಡೆ ನೋಡಲೇ ಇಲ್ಲ. ಬಗ್ಗಿದ, ಹಾರಿದ, ಎರಡೂ ಕೈಯಲ್ಲಿ ಹುಡುಗನ ಕಣಕಾಲು ತಬ್ಬಿ ನೆಲಕ್ಕೆ ಕೆಡವಿದ. ಹುಡುಗ ತೆವಳಿದ. ಇವನು ಬಿಡಲಿಲ್ಲ. ರೆಫರಿ ಸೀಟಿ ಊದಿದರು. ಆಗ ಎದ್ದು ನಿಂತು, ಮೈ ಕೊಡವಿಕೊಂಡು, ಆ ಹುಡುಗನಿಗೆ ಕೈ ತೋರಿಸಿ “ಔಟ್!” ಅಂದ.

ಪಕ್ಕದ ಕ್ರಿಕೆಟ್‌ನವರು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ರೆಫರಿ ವಯಸ್ಸಾದವರು. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳ ಕಾಲದ ಆಟ ನೋಡಿ ಬೆಳೆದವರು. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದರು. ಆಮೇಲೆ ಜೇಬಿನಿಂದ ಕೆಂಪು ಕಾರ್ಡ್ ತೆಗೆದರು. ಗೋಲಿಗೆ ಹೊರಟವನನ್ನು ಹಿಡಿದು ಬೀಳಿಸಿದರೆ ಬೇರೆ ಬಣ್ಣದ ಕಾರ್ಡ್ ಇಲ್ಲ.

“ಬಿಡಬೇಡಿ ಅಂದೋರು ನೀವೇ ಅಲ್ವಾ?” ಅಂತ ಕ್ಯಾಪ್ಟನ್‌ನ ಕೇಳುತ್ತಲೇ ಭಾವಮೈದ ಹೊರಗೆ ಹೋದ. ನಮ್ಮ ಕಡೆ ಉಳಿದವರು ಆರು ಜನ. ಮತ್ತದೇ 3ನೇ ನಿಯಮ. ಪಂದ್ಯ ಅಲ್ಲಿಗೇ ನಿಂತಿತು. ನಮ್ಮ ಲೀಗಿನ ಪದ್ಧತಿಯಂತೆ ಎದುರಾಳಿಗಳು 3-0 ಅಂತರದಲ್ಲಿ ಗೆದ್ದರು ಅಂತ ಬರೆದುಕೊಂಡರು.

ಏಳೂಕಾಲಿಗೇ ದರ್ಶಿನಿಗೆ ಬಂದೆವು. ಯಾರಿಗೂ ಬೆವರು ಕೂಡ ಬಂದಿರಲಿಲ್ಲ. ಯಾರೂ ಮಾತಾಡಲಿಲ್ಲ. ನಾನು ತಲೆ ತಗ್ಗಿಸಿ ಇಡ್ಲಿ ಮುರಿಯುತ್ತಿದ್ದೆ. ಆಗ ಗೋಲ್‌ಕೀಪರ್ ಮೊಬೈಲ್ ತೆಗೆದು ಹಳೇ ಅಂಕಿ ಓದತೊಡಗಿದ. ಮೊದಲ ವಾರ 0-9. ಎರಡನೇ ವಾರ 0-6. ಮೂರನೇ ವಾರ 1-7, ಆ ಒಂದನ್ನೂ ಎದುರಾಳಿಯೇ ತಪ್ಪಿ ತಮ್ಮ ಗೋಲಿಗೆ ಹೊಡೆದುಕೊಂಡದ್ದು. ಈ ವಾರ 0-3.

ಕ್ಯಾಪ್ಟನ್ ಚಮಚ ಕೆಳಗಿಟ್ಟರು. “ಅಂದ್ರೆ ಇದೇ ನಮ್ಮ ಬೆಸ್ಟ್ ರಿಸಲ್ಟಾ?”

ಭಾವಮೈದನಿಗೆ ಇದೆಲ್ಲ ಅಷ್ಟಾಗಿ ಅರ್ಥವಾದ ಹಾಗೆ ಕಾಣಲಿಲ್ಲ. ಚಟ್ನಿ ಸುರಿದುಕೊಳ್ಳುತ್ತಾ ನನ್ನ ಕಿವಿಯಲ್ಲಿ ಕೇಳಿದ. “ಭಾವ, ಬರೋ ವಾರ ನಮ್ಮೂರಿಂದ ಇನ್ನಿಬ್ರನ್ನ ಕರ್ಕೊಂಡ್ ಬರ್ಲಾ? ಒಬ್ಬ ಸೊಂಟ ಹಿಡಿಯೋದ್ರಲ್ಲಿ ಎತ್ತಿದ ಕೈ.”

ಪಿಸುಮಾತು ಕ್ಯಾಪ್ಟನ್‌ಗೆ ಹೇಗೆ ಕೇಳಿಸಿತೋ. ಎದ್ದು ಹೋಗಿ ಇನ್ನೊಂದು ವಡೆ ತಂದು ಅವನ ತಟ್ಟೆಗೆ ಹಾಕಿದರು.