ನೀರು ಕೂಡಿಡುವ ಕಲೆ ಸರ್ಕಾರಕ್ಕೇ ಗೊತ್ತು

ಜೂನ್ 1 ಬಂತೆಂದರೆ ಅಮೆರಿಕದಲ್ಲಿ ಹರಿಕೇನ್, ಅಂದರೆ ಚಂಡಮಾರುತದ ಸೀಸನ್ ಶುರು. ಜೊತೆಗೆ ಸರ್ಕಾರದ ಉಪದೇಶದ ಸೀಸನ್ನೂ ಶುರು. ತಲೆಗೆ ದಿನಕ್ಕೊಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು ತುಂಬಿಡಿ. ಕಡಿಮೆ ಎಂದರೂ ಮೂರು ದಿನಕ್ಕೆ ಆಗಬೇಕು. ಮಾತು ಸರಿಯೇ. ಕರೆಂಟು ಹೋದರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ನಲ್ಲಿ ಒಣಗುತ್ತದೆ. ಊರೆಲ್ಲ ನೀರು, ಕುಡಿಯಲು ತೊಟ್ಟಿಲ್ಲ. ನಲ್ಲಿ ಬಿಡುವ ದಿನ ಕೊಡ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ಬಿಡದೆ ತುಂಬಿಸುವ ನಮ್ಮ ಕಡೆಯ ಅಮ್ಮಂದಿರಿಗೆ ಈ ಪಾಠ ಬೇಕಿಲ್ಲ ಬಿಡಿ.

ಆದರೆ ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಮುಂದೆ ಅವರೂ ಸೋಲಬೇಕು. 2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಹರಿಕೇನ್ ಅಲ್ಲಿ ಬಡಿಯಿತು. ಮರುವರ್ಷ ನೋಡಿದರೆ, ಅಲ್ಲಿನ ಸೈಬಾ ಊರಿನ ಹಳೇ ರನ್‌ವೇ ಮೇಲೆ ಸಾಲುಸಾಲು ಬಾಟಲಿ ನೀರು! ನೀಲಿ ಟಾರ್ಪಾಲು ಹೊದ್ದುಕೊಂಡು ಬಿಸಿಲು ಕಾಯಿಸುತ್ತಿತ್ತು. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಹೇಳಿತು, ನಾವು ಸ್ಥಳೀಯ ಸರ್ಕಾರಕ್ಕೆ ಕೊಟ್ಟಾಯಿತು. ಸ್ಥಳೀಯ ಸರ್ಕಾರ ಹೇಳಿತು, ಹಂಚಿದೆವು, ವಾಸನೆ ಅಂತ ದೂರು ಬಂತು. ಬರದೆ ಇರುತ್ತಾ?

ಟ್ರಂಪ್ ಸಾಹೇಬರನ್ನು ಮರೆಯುವ ಹಾಗಿಲ್ಲ. 2017ರ ಅಕ್ಟೋಬರ್ 3ಕ್ಕೆ ಬಂದರು, ಪೇಪರ್ ಟವೆಲ್ ಸುರುಳಿಗಳನ್ನು ಜನರತ್ತ ಬ್ಯಾಸ್ಕೆಟ್‌ಬಾಲ್ ಥರ ಎಸೆದರು. ನಲ್ಲಿ ಒಣಗಿದ ಊರಿಗೆ ಒರೆಸುವ ಕಾಗದ. ಒರೆಸೋಕೆ ಮೊದಲು ಏನಾದರೂ ಒದ್ದೆಯಾಗಬೇಕಲ್ವಾ? ಅಷ್ಟು ದೂರದಿಂದ ವಿಮಾನದಲ್ಲಿ ಬಂದವರನ್ನು ಅದೆಲ್ಲ ಕೇಳಬಾರದು. ಕ್ಯಾಚ್ ಹಿಡಿದವರು ಚಪ್ಪಾಳೆಯನ್ನೂ ತಟ್ಟಿದರು.

ಮೂರು ದಿನದ ನೀರು ಇಟ್ಟುಕೊಂಡವರು ನಾಲ್ಕನೇ ದಿನ ಏನು ಮಾಡಬೇಕು? ಕೊನೆಯ ಮನೆಗೆ ಕರೆಂಟು ಬರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಜನ ಬೆಟ್ಟದ ತೊರೆಗಳಿಂದ ನೀರು ಹಿಡಿದರು. ಡೊರಾಡೊ ಊರಿನಲ್ಲಿ, ವಿಷಕಾರಿ ತ್ಯಾಜ್ಯದ ಜಾಗ ಎಂದು ಗುರುತು ಹಾಕಿದ್ದ ಕಡೆಯ ಕೊಳವೆಬಾವಿಗೂ ಕ್ಯಾನ್ ಹಿಡಿದು ಹೋದರು. ಬೇರೆ ಗತಿಯಿಲ್ಲದೆ. ಸತ್ತವರು 64 ಎಂದು ಸ್ಥಳೀಯ ಸರ್ಕಾರ ತಿಂಗಳುಗಟ್ಟಲೆ ಹೇಳುತ್ತಲೇ ಇತ್ತು. ಮರುವರ್ಷ ಅದೇ ಸರ್ಕಾರ ಒಪ್ಪಿಕೊಂಡ ಲೆಕ್ಕ 2,975. ಇದರಲ್ಲಿ ನಗೋಕೆ ಏನೂ ಇಲ್ಲ. ನನಗೂ ಸಾಕಾಗಿದೆ.

2020ರ ಜನವರಿಯಲ್ಲಿ ಭೂಕಂಪವಾಗಿ ಜನ ಬೀದಿಯಲ್ಲಿ ಮಲಗಿದ್ದಾಗ ಅಲ್ಲಿನ ಪೋನ್ಸೆ ನಗರದಲ್ಲಿ ಒಂದು ಗೋದಾಮು ಸಿಕ್ಕಿತು. ಜನರೇ ನುಗ್ಗಿ ನೋಡಿದರೆ ಒಳಗೆ ಮಂಚ, ಮಕ್ಕಳ ಆಹಾರ, ನೀರು. ಮರಿಯಾ ಕಾಲದ ಸಾಮಾನು! ಜನರಿಗೆ ಮೂರು ದಿನ ಎಂದವರು ತಾವು ಎರಡು ವರ್ಷ ದಾಟಿಸಿದ್ದರು. ಗವರ್ನರ್ ಅದೇ ದಿನ ತುರ್ತು ನಿರ್ವಹಣೆಯ ಮುಖ್ಯಸ್ಥರನ್ನು ಕಿತ್ತುಹಾಕಿದರು. ಪಾಪ, ಎಷ್ಟು ಜೋಪಾನವಾಗಿ ಇಟ್ಟಿದ್ದರು.