ಟಾಪ್‌ಸ್ಪಿನ್ ಲೂಪ್ ಮಣಿಕಟ್ಟಿನ ಬಲದಿಂದ ಬರುವುದಲ್ಲ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಪೋಷಕರ ನಡುವೆ ವಾಟ್ಸ್‌ಆಪ್ ಸಂದೇಶವೊಂದು ಹರಿದಾಡುತ್ತಿದೆ: ‘ಟೇಬಲ್ ಟೆನಿಸ್‌ನ ಲೂಪ್ ಹೊಡೆತಕ್ಕೆ ಮಣಿಕಟ್ಟಿನ ಬಲವೇ ಮುಖ್ಯ, ಮಕ್ಕಳಿಂದ ದಿನವೂ ಡಂಬೆಲ್ ಎತ್ತಿಸಿ.’ ಇದು ತಪ್ಪು. ಲೂಪ್ ಎಂದರೆ ಚೆಂಡಿಗೆ ಜೋರಾದ ಟಾಪ್‌ಸ್ಪಿನ್, ಅಂದರೆ ಮುಂದಕ್ಕೆ ಉರುಳುವ ಸುತ್ತು, ಕೊಡುವ ಹೊಡೆತ.

ಚೆಂಡಿನ ತೂಕ ಬರೀ 2.7 ಗ್ರಾಂ. ಅದನ್ನು ತಿರುಗಿಸಲು ಬೇಕಿರುವುದು ತೋಳ್ಬಲವಲ್ಲ, ಬ್ಯಾಟಿನ ವೇಗ ಮತ್ತು ಸವರುವ ಸ್ಪರ್ಶ. ಆ ವೇಗ ಹುಟ್ಟುವುದೇ ಕಾಲಿನಲ್ಲಿ. ಬಲಗೈ ಆಟಗಾರರು ಫೋರ್‌ಹ್ಯಾಂಡ್ ಲೂಪ್‌ಗೆ ಮೊಣಕಾಲು ಬಗ್ಗಿಸಿ ಬಲಗಾಲಿನ ಮೇಲೆ ಭಾರ ಹಾಕುತ್ತಾರೆ. ಅಲ್ಲಿಂದ ಸೊಂಟ ತಿರುಗುತ್ತದೆ, ಅದರ ಬೆನ್ನಿಗೇ ಭುಜ, ಆಮೇಲೆ ಮುಂದೋಳು. ಮಣಿಕಟ್ಟು ಕೊನೆಯಲ್ಲಿ ತುಸು ಸೇರಿಕೊಳ್ಳುತ್ತದೆ, ಅದೂ ಸಡಿಲವಾಗಿದ್ದರೆ ಮಾತ್ರ. ಬಿಗಿಹಿಡಿದ ಕೈಯಿಂದ ಒಳ್ಳೆಯ ಲೂಪ್ ಬರುವುದು ಕಷ್ಟ. ರಬ್ಬರ್ ಚೆಂಡನ್ನು ಗುದ್ದದೆ, ಅದರ ಹಿಂಬದಿಯನ್ನು ಉಜ್ಜುತ್ತಾ ಮೇಲಕ್ಕೂ ಮುಂದಕ್ಕೂ ಸಾಗಬೇಕು. ಬ್ಯಾಕ್‌ಸ್ಪಿನ್ ಚೆಂಡು (ಹಿಮ್ಮುಖವಾಗಿ ಸುತ್ತುತ್ತಾ ಬರುವ ಚೆಂಡು) ಬಂದರೆ ಬ್ಯಾಟ್ ಹೆಚ್ಚು ಕೆಳಗಿನಿಂದ ಏಳಬೇಕು. ಬ್ಲಾಕ್ ಆಗಿ, ಅಂದರೆ ಎದುರಾಳಿ ಬ್ಯಾಟ್ ಒಡ್ಡಿ ತಡೆದು, ಮರಳಿದ ಚೆಂಡಿಗೆ ಬ್ಯಾಟನ್ನು ಮುಂದಕ್ಕೆ ಬಾಗಿಸಿ ಮುನ್ನುಗ್ಗಬೇಕು.

‘ಪ್ಲಾಸ್ಟಿಕ್ ಚೆಂಡು ಬಂದ ಮೇಲೆ ಲೂಪ್ ಮುಗಿಯಿತು’ ಎಂಬ ಮಾತೂ ಸುಳ್ಳು. 2014ರಲ್ಲಿ ಆ ಚೆಂಡು ಬಂದ ನಂತರವೂ ದೊಡ್ಡ ಪಂದ್ಯಗಳ ಮುಖ್ಯ ಅಸ್ತ್ರ ಇದೇ.

ದಯವಿಟ್ಟು ಎಳೆಯ ಮಣಿಕಟ್ಟುಗಳಿಗೆ ಭಾರ ಹೊರಿಸಬೇಡಿ. ತರಬೇತುದಾರರಿಗೆ ಹೇಳಿ ಬ್ಯಾಕ್‌ಸ್ಪಿನ್ ಚೆಂಡುಗಳನ್ನು ಒಂದರ ಹಿಂದೊಂದು ಹಾಕಿಸಿ, ಮಗು ನಿಧಾನವಾಗಿ ಸವರುವುದನ್ನು ಕಲಿಯಲಿ.