ಮಕ್ಕಳ ಕಲಾತ್ಮಕ ಈಜು ಕ್ಲಬ್: ಮೊದಲು ಅನುದಾನ ಹುಡುಕಬೇಕೇ?

ಪರ

ಈಜುಕೊಳದ ಏಣಿಗೆ ಸ್ಟೀಲ್ ಚಮಚದಿಂದ ಟಣ್ ಟಣ್ ಎಂದು ಬಡಿಯುವುದನ್ನು ನೋಡಿದ್ದೀರಾ? ಹಾಡಿಗೆ ತಕ್ಕಂತೆ ನೀರಲ್ಲೇ ಕುಣಿಯುವ ಕಲಾತ್ಮಕ ಈಜನ್ನು ಕಲಿಸುವವರು ತಾಳ ಹಾಕುವ ಹಳೇ ದಾರಿ ಅದು. ತಲೆ ಕೆಳಗೆ, ಕಾಲು ಮೇಲೆ ಮಾಡಿ ನೀರಲ್ಲಿ ನಿಂತ ಹುಡುಗಿಗೆ ಆ ಸದ್ದೇ ಆಧಾರ. ಹಾಡೇ ಕೇಳಬೇಕೆಂದರೆ ನೀರೊಳಗೆ ಇಳಿಬಿಡುವ ಸ್ಪೀಕರ್ ಬೇಕು. ಅದು ಪೇಟೆಯ ಅಂಗಡಿಯಲ್ಲಿ ಸುಮ್ನೆ ಸಿಗುವ ಸಾಮಾನಲ್ಲ, ಬೆಲೆಯೂ ಜಾಸ್ತಿ. ಮೂಗಿನ ಕ್ಲಿಪ್ಪನ್ನು ಅಪ್ಪ ಅಮ್ಮ ಕೊಡಿಸಿಯಾರು. ಸ್ಪೀಕರ್ ಯಾರು ಕೊಡಿಸಬೇಕು?

ಕೊಳದ ಖರ್ಚು ಬೇರೆ. ಈ ಆಟದಲ್ಲಿ ತಳಕ್ಕೆ ಕಾಲೂರುವಂತಿಲ್ಲ. ಸ್ಪರ್ಧೆಗೆ ಸುಮಾರು 3 ಮೀಟರ್ ಆಳದ ಜಾಗ ಬೇಕು. ಅಂಥ ಕೊಳವನ್ನು ಬೇರೆಯವರು ಈಜದ ಹೊತ್ತಿನಲ್ಲಿ ಬಾಡಿಗೆಗೆ ಹಿಡಿಯಬೇಕು. ಇಷ್ಟನ್ನೂ ಫೀಸಿನಿಂದಲೇ ತೂಗಿಸಲು ಹೋದರೆ ದುಡ್ಡಿದ್ದವರ ಮಕ್ಕಳು ಮಾತ್ರ ಉಳಿಯುತ್ತಾರೆ.

ನನಗೆ ಚುಚ್ಚುವುದು ಇದೇ. ಮಲೆನಾಡಲ್ಲಿ ಗಂಡುಹುಡುಗರು ಬಾಳೆದಿಂಡು ಹಿಡಿದು ಹೊಳೆಯಲ್ಲಿ ಈಜು ಕಲಿತರು. ಅವರ ಅಕ್ಕತಂಗಿಯರು ದಡದಲ್ಲಿ ಕೂತು ಬಟ್ಟೆ ಒಗೆದರು. ಹೆಣ್ಣುಮಕ್ಕಳೇ ಮುಂದೆ ನಿಲ್ಲುವ ಆಟವೊಂದು ನಮ್ಮ ಶಿವಮೊಗ್ಗಕ್ಕೆ ಬರುವುದಾದರೆ, ಫೀಸಿನ ಕಾರಣಕ್ಕೆ ಅವರು ಮತ್ತೆ ದಡದಲ್ಲೇ ಕೂರಬಾರದು, ಅಲ್ವಾ?

ದಾರಿಯೂ ಇದೆ. ಈ ಆಟ 1984ರಿಂದ ಒಲಿಂಪಿಕ್ಸ್‌ನಲ್ಲಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಿವ್ವಳ ಲಾಭ ಮಾಡುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಒಲಿಂಪಿಕ್ ಆಟಗಳ ತರಬೇತಿಯೂ ಸೇರಿದೆ. ಕೇಳಲು ನಾಚಿಕೆ ಯಾಕೆ? ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಹೊರಗಿನ ನೆರವನ್ನೂ ಪಡೆದೇ ಬೆಳೆಯಿತು. ಅದರಿಂದ ಅದು ಊರಿನವರ ಕೈತಪ್ಪಿ ಹೋಗಲಿಲ್ಲ.

ವಿರೋಧ

ಅನುದಾನವೇ ಬೇಡ ಎನ್ನುತ್ತಿಲ್ಲ. ಮೊದಲ ದಿನವೇ ಅದರ ಬೆನ್ನು ಹತ್ತಬೇಡಿ ಎನ್ನುತ್ತಿದ್ದೇನೆ.

ಕಂಪನಿ ಹಣ ಪಡೆಯಲು ಸಂಘ ನೋಂದಣಿಯಾಗಿರಬೇಕು. ಆದಾಯ ತೆರಿಗೆ ಇಲಾಖೆಯಲ್ಲಿ ಸಂಘಕ್ಕೆ ತೆರಿಗೆ ವಿನಾಯಿತಿಯ ನೋಂದಣಿ, ದಾನಿಗಳಿಗೆ ತೆರಿಗೆ ರಿಯಾಯಿತಿಯ ಮಾನ್ಯತೆ (12ಎ, 80ಜಿ ಎನ್ನುತ್ತಾರೆ) ಆಗಬೇಕು. ಕಂಪನಿಗಳ ಆ ಸಮಾಜದ ಕೆಲಸದ ಹಣಕ್ಕೆಂದೇ ಇರುವ ಸಿಎಸ್‌ಆರ್-1 ಅರ್ಜಿ ತುಂಬಿ ನೋಂದಣಿ ಸಂಖ್ಯೆ ಪಡೆಯಬೇಕು. ಅದೆಲ್ಲ ಆದರೂ, ಅದೇ ಥರದ ಕೆಲಸವನ್ನು ಕನಿಷ್ಠ 3 ವರ್ಷ ಮಾಡಿರಬೇಕು. ನಿನ್ನೆ ಮೊನ್ನೆ ಹುಟ್ಟಿದ ಕ್ಲಬ್ಬು 3 ವರ್ಷವನ್ನು ಎಲ್ಲಿಂದ ತರುತ್ತದೆ? ಸಂಸದರ ನಿಧಿ ವರ್ಷಕ್ಕೆ 5 ಕೋಟಿ ಇದೆ, ನಿಜ. ಆದರೆ ಅದು ಬಾಳಿಕೆ ಬರುವ ಆಸ್ತಿಗೆ. ಕೋಚ್ ಸಂಬಳಕ್ಕೆ ಅದರಲ್ಲಿ ಒಂದು ರೂಪಾಯಿಯೂ ಸಿಗುವುದಿಲ್ಲ.

ಈ ಆಟ ಬದುಕುವುದೇ ಕೋಚ್‌ನಿಂದ. ಮೊಣಕೈಯನ್ನು ಹತ್ತಿರ ಇಟ್ಟುಕೊಂಡು, ಅಂಗೈಯಿಂದ ನೀರನ್ನು ಒಳಕ್ಕೆ ಹೊರಕ್ಕೆ ಸವರುತ್ತಾ ಇದ್ದಲ್ಲೇ ತೇಲುವುದನ್ನು ಕಲಿಯಲು ತಿಂಗಳುಗಳೇ ಬೇಕು. ಅಂಗೈಯ ಓರೆ ಸ್ವಲ್ಪ ತಪ್ಪಿದರೂ ಮೇಲೆತ್ತಿದ ಕಾಲು ಮುಳುಗುತ್ತದೆ. ಪಕ್ಕದಲ್ಲಿ ನಿಂತು ದಿನಾ ಆ ಅಂಗೈಯನ್ನು ತಿದ್ದುವ ಒಬ್ಬರು ಬೇಕೇ ಬೇಕು.

ನನಗೆ ಗೊತ್ತಿರುವ ಒಂದು ಆಟದ ಸಂಘಕ್ಕೆ ಒಂದೇ ಸಲ ದೊಡ್ಡ ಮೊತ್ತ ಬಂತು. ಹೊಸ ಮ್ಯಾಟ್ ಬಂದವು, ದೊಡ್ಡ ಬ್ಯಾನರ್ ಕಟ್ಟಿದರು. ಮಾರನೇ ವರ್ಷ ಹಣ ಬರಲಿಲ್ಲ. ಕೋಚ್ ಬೇರೆ ಊರು ನೋಡಿಕೊಂಡರು. ಆ ಮಳೆಗಾಲದಲ್ಲಿ ಮ್ಯಾಟ್‌ಗಳಿಗೆ ಬೂಷ್ಟು ಹಿಡಿಯಿತು. ಬಾಗಿಲು ತೆಗೆದಾಗ ಮೂಗಿಗೆ ಬಡಿದ ಆ ಮುಗ್ಗಲು ವಾಸನೆ ನನಗಿನ್ನೂ ಮರೆತಿಲ್ಲ. ಅಲ್ಲಿ ಕಲಿಯುತ್ತಿದ್ದ ಮಕ್ಕಳನ್ನು ಆಮೇಲೆ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಮಾರಿಜಾತ್ರೆ, ಗಣಪತಿ, ಯಕ್ಷಗಾನ ಎಲ್ಲ ನಡೆಯುವುದು ಊರವರು ಎತ್ತಿದ ವರಾಡದಿಂದ. ಅಡಿಕೆ ಮಾರಿ ಕೈಯಲ್ಲಿ ಕಾಸು ಓಡಾಡುವ ತಿಂಗಳುಗಳಲ್ಲಿ ಹದಿನೈದಿಪ್ಪತ್ತು ಮನೆಯವರು ಸೇರಿ ಕೋಚ್‌ನ ಒಂದು ವರ್ಷದ ಸಂಬಳವನ್ನು ಮೊದಲು ಬ್ಯಾಂಕಿಗೆ ಹಾಕಲಿ. ಫೀಸು ಕಟ್ಟಲಾಗದ ನಾಲ್ಕು ಮಕ್ಕಳ ಖರ್ಚನ್ನೂ ಅದರಲ್ಲೇ ಸೇರಿಸಲಿ. ಆ ಹಣ ಕೊಟ್ಟವರೇ ಸಂಜೆ ಕೊಳದ ಹತ್ತಿರ ಬಂದು ನಿಲ್ಲುತ್ತಾರೆ, ಕ್ಲಾಸು ತಪ್ಪಿದರೆ ಯಾಕೆ ಎಂದು ಕೇಳುತ್ತಾರೆ. ಅದು ಯಾವ ಕಂಪನಿಯಿಂದಲೂ ಬರುವುದಿಲ್ಲ.

ಜೊತೆಗೆ ಹಾಜರಿ ಪುಸ್ತಕ, ಜಮಾಖರ್ಚಿನ ಪುಸ್ತಕ ಎರಡನ್ನೂ ಮೊದಲ ದಿನದಿಂದಲೇ ಬರೆಯಿರಿ. 3 ವರ್ಷ ತುಂಬಿದಾಗ ಆ ಎರಡು ಪುಸ್ತಕ ಹಿಡಿದು ಕಂಪನಿಯವರ ಮುಂದೆ ಹೋಗಿ ಸ್ಪೀಕರ್ ಕೇಳಿ. ಅಲ್ಲಿಯವರೆಗೆ ಏಣಿಗೆ ಚಮಚದಲ್ಲೇ ತಾಳ ಹಾಕೋಣ.